ಬಾಗಿಲು ತಟ್ಟಿದ ಸದ್ದು

ಚಿತ್ರಪಟದ ಸಂತರಿಗೆ ತಲೆಯ ಸುತ್ತ ಪ್ರಭೆ ಇರುತ್ತದೆ, ಕೈಯಲ್ಲಿ ಹೂವೋ ಶಿಲುಬೆಯೋ ಇರುತ್ತದೆ. ಕಣ್ಣು ಮೇಲೆ ನೋಡುತ್ತಿರುತ್ತದೆ. ಧರ್ಮಸಭೆ ಸಂತರೆಂದು ಸಾರಿದವರಲ್ಲಿ ವರ್ಷಗಟ್ಟಲೆ ಬಾಗಿಲು ಕಾದವರೂ ಇದ್ದಾರೆ. ಅವರ ಕಣ್ಣು ಚಿಲಕದ ಮೇಲಿತ್ತು.

*

ಅಲ್ಫೋನ್ಸ್ ರೊಡ್ರಿಗಸ್ ಸ್ಪೇನಿನ ಸೆಗೋವಿಯಾದಲ್ಲಿ ಉಣ್ಣೆ ವ್ಯಾಪಾರಿ. ಹೆಂಡತಿ ತೀರಿಕೊಂಡರು, ಮಕ್ಕಳು ಉಳಿಯಲಿಲ್ಲ, ವ್ಯಾಪಾರವೂ ಕೈಕೊಟ್ಟಿತು. ನಲವತ್ತರ ಹತ್ತಿರ ಯೇಸುಸಭೆಗೆ ಬಂದವರನ್ನು ಮಯೋರ್ಕಾ ದ್ವೀಪದ ಕಾಲೇಜಿಗೆ ಕಳಿಸಿ ಬಾಗಿಲು ಕಾಯಲು ಹಾಕಿದರು. ಯಾರು ತಟ್ಟಿದರೂ ಪ್ರಭುವೇ ಬಂದು ನಿಂತಿದ್ದಾನೆ ಎಂದುಕೊಂಡೇ ಏಳುತ್ತಿದ್ದರಂತೆ. ತೆರೆದರೆ ತಡವಾಗಿ ಬಂದ ಹುಡುಗನೋ ಯಾವುದೋ ಸಾಮಾನು ತಂದವನೋ ಇದ್ದಿರಬೇಕು. ಹಾಗಿದ್ದೂ ಮರುದಿನ ಅದೇ ನಂಬಿಕೆಯಿಂದ ಎದ್ದರಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

*

ಆ ಕಾಲೇಜಿಗೆ ಓದಲು ಬಂದ ಪೀಟರ್ ಕ್ಲೇವರ್, ಪಾಠ ಮುಗಿಸಿ ಮಾತಿಗೆ ಹುಡುಕಿಕೊಂಡು ಹೋಗುತ್ತಿದ್ದದ್ದು ಈ ದ್ವಾರಪಾಲಕರನ್ನು. ಅವರ ಮಾತು ಕೇಳಿ ಸಾಗರ ದಾಟಿ ಕಾರ್ತಹೇನಾ ಬಂದರಿಗೆ ಹೋದರು. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ನಡುವೆ ಜೀವನ ಸವೆಸಿದರು. 1888ರ ಜನವರಿ 15ರಂದು ಇಬ್ಬರಿಗೂ ಒಂದೇ ದಿನ ಸಂತಪದವಿ. ಆ ಕಾಲೇಜಿನ ಪ್ರಾಧ್ಯಾಪಕರ ಹೆಸರು ನೆನಪಿಟ್ಟುಕೊಂಡವರು ಕಡಿಮೆ.

*

ಪವಾಡವನ್ನು ಪರೀಕ್ಷಿಸಲು ವ್ಯಾಟಿಕನ್‌ನಲ್ಲಿ ವೈದ್ಯರ ಮಂಡಳಿ ಉಂಟು. ತಾಳ್ಮೆಯನ್ನು ಪರೀಕ್ಷಿಸಲು ಪಕ್ಕದ ಕೋಣೆಯವರೇ ಸಾಕು.

*

ಲಿಸಿಯುವಿನ ಪುಟ್ಟ ತೆರೇಸಾ, 1897ರ ಬೇಸಿಗೆ. ಕ್ಷಯ ಆಗಲೇ ಒಳಗಿನಿಂದ ತಿನ್ನುತ್ತಿದೆ, ವಯಸ್ಸು ಇಪ್ಪತ್ತನಾಲ್ಕು. ಮಠದ ತೋಟದಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಬ್ಬ ಸೋದರಿ ಬಂದು ಮಾತಾಡಿಸುತ್ತಾರೆ. ಅವರು ಹೋಗುತ್ತಲೂ ಇನ್ನೊಬ್ಬರು. ಪಾಪ, ರೋಗಿಗೆ ಬೇಜಾರಾದೀತೆಂಬ ಕಾಳಜಿ! ಬರೆಯುತ್ತಿದ್ದ ವಿಷಯವಾದರೂ ಏನು? ಸೋದರಪ್ರೇಮ. ತೆರೇಸಾ ಸಿಡುಕಲಿಲ್ಲ, ಈ ಅಡ್ಡಿಗಳನ್ನೇ ನಗುತ್ತ ಬರಹದೊಳಕ್ಕೆ ಸೇರಿಸಿಬಿಟ್ಟರು.

*

ಅದೇ ಮಠದಲ್ಲಿ ಸಂಜೆಯ ಧ್ಯಾನಕ್ಕೆ ತೆರೇಸಾರ ಹಿಂದೆ ಕೂರುತ್ತಿದ್ದ ಸೋದರಿಯೊಬ್ಬರು ಏನೋ ಒಂದು ಕಿರಿಕಿರಿ ಸದ್ದು ಮಾಡುತ್ತಿದ್ದರು. ತಿರುಗಿ ಒಮ್ಮೆ ದಿಟ್ಟಿಸಿದ್ದರೆ ನಿಲ್ಲುತ್ತಿತ್ತು. ತಿರುಗಲಿಲ್ಲ, ಬೆವರಿದರು. ಕೊನೆಗೆ ಆ ಸದ್ದನ್ನು ಕಛೇರಿ ಕೇಳುವಂತೆ ಕಿವಿಗೊಟ್ಟು ಕೇಳಿ, ಆ ಸಂಗೀತವನ್ನೇ ಯೇಸುವಿಗೆ ಅರ್ಪಿಸಿದರು. ಈ ಕಥೆಯಲ್ಲಿ ನನಗೆ ನಂಬಿಕೆ ಹುಟ್ಟಿಸುವುದು ಬೆವರು.

*

ಇಷ್ಟು ಬರೆಯುವಾಗ ಸಿಲಿಂಡರಿನವನು ಬಂದ. ನಾನು ಎದ್ದದ್ದು ಮೂರನೇ ಬೆಲ್ಲಿಗೆ.

*

ಆರ್ಸ್ ಗ್ರಾಮದ ಜಾನ್ ವಿಯಾನಿ ಲ್ಯಾಟಿನ್ ತಲೆಗೆ ಹತ್ತದೆ ಗುರುದೀಕ್ಷೆಗೇ ಒದ್ದಾಡಿದವರು. 1818ರಲ್ಲಿ ಅವರಿಗೆ ಸಿಕ್ಕಿದ್ದು ಇನ್ನೂರು ಚಿಲ್ಲರೆ ಜನರ ಮೂಲೆಯ ಊರು. ಮುಂದೆ ಫ್ರಾನ್ಸಿನ ಎಲ್ಲೆಲ್ಲಿಂದಲೋ ಜನ ಹರಿದುಬಂದು, ದಿನಕ್ಕೆ ಹದಿನಾರು ಗಂಟೆ ಪಾಪನಿವೇದನೆ ಕೇಳುತ್ತ ಕೂರುವಂತಾಯಿತು. ಹಾಗೆ ಕೂತವರು ಒಂದಲ್ಲ, ಹಲವು ಸಲ ರಾತ್ರೋರಾತ್ರಿ ಊರು ಬಿಟ್ಟು ಓಡಲು ನೋಡಿದರು, ಎಲ್ಲಾದರೂ ಒಂದು ಮಠದ ಏಕಾಂತಕ್ಕೆ. 1853ರಲ್ಲಿ ಜನ ದಾರಿಗೆ ಅಡ್ಡ ನಿಂತರು. ವಿಯಾನಿ ಹಿಂದಿರುಗಿ ಬಂದು ಮತ್ತೆ ಅದೇ ಪೆಟ್ಟಿಗೆಯಂಥ ಗೂಡಿನೊಳಗೆ ಕೂತರು. ಓಡಿಹೋಗುವ ಆಸೆ ಸಂತರಿಗೂ ಇತ್ತೆಂದು ತಿಳಿದ ದಿನ ನನಗೆ ಒಂದು ಬಗೆಯ ಸಮಾಧಾನ.

*

ಗುಹೆಯಲ್ಲಿ ಮೌನಿಯಾದವರ ಕಾಲಿಗೆ ಬೀಳುತ್ತೇವೆ. ಅಡುಗೆಮನೆಯಲ್ಲಿ ಮೌನಿಯಾದವರಿಗೆ ಮೈ ಸರಿಯಿಲ್ಲವೇ ಎಂದು ಕೇಳುತ್ತೇವೆ.

*

ಲಿಮಾದ ಮಾರ್ಟಿನ್ ಡಿ ಪೋರೆಸ್ ಮೈತುಂಬ ಹುಣ್ಣಾದ ಭಿಕ್ಷುಕನನ್ನು ತಂದು ತಮ್ಮ ಹಾಸಿಗೆಯಲ್ಲೇ ಮಲಗಿಸಿದರಂತೆ. ಮಠದವರೊಬ್ಬರು ಆಕ್ಷೇಪಿಸಿದರು. ಬಟ್ಟೆಯ ಕೊಳೆಗೆ ಸೋಪು ಉಂಟಲ್ಲ ಎಂಬರ್ಥದ ಉತ್ತರ ಬಂತಂತೆ. ಒಗೆದವರು ಯಾರೆಂದು ಕಥೆ ಹೇಳುವುದಿಲ್ಲ, ಮಾರ್ಟಿನರೇ ಇರಬೇಕು.

*

ತೆರೆದವರ ಮಾತಾಯಿತು, ತಟ್ಟಿದವರೂ ಇದ್ದಾರೆ. ಗೋವೆಯ ಜೋಸೆಫ್ ವಾಜ್ ಮಂಗಳೂರು ಸೀಮೆಗೆ ಹೊರಗಿನವರಲ್ಲ; 1681ರಿಂದ ಕೆಲವು ವರ್ಷ ಕೆನರಾದಲ್ಲೇ ಓಡಾಡಿದವರು. 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ಕಾಲಿಡಗೊಡದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೊರಟರು. ಯಾಫ್ನಾದಲ್ಲಿ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಹಾಕುವ ಅನ್ನಕ್ಕಿಂತ, ಸರ ಕಂಡಾಗ ಯಾರ ಮುಖ ಬದಲಾಗುತ್ತದೆ ಎಂಬುದರ ಮೇಲೆ ಅವರ ಕಣ್ಣು. ಒಂದು ಬಾಗಿಲು ತಪ್ಪಿದರೆ ಸೆರೆಮನೆ. ಇತ್ತ ಒಳಗಿನವರಿಗೂ ಅಷ್ಟೇ ಭಯ, ಇವನು ಡಚ್ಚರ ಕಡೆಯವನಾಗಿದ್ದರೆ ಎಂದು.

*

ಮಾಂಟ್ರಿಯಲ್‌ನ ಬ್ರದರ್ ಆಂದ್ರೆ ಬೆಸೆಟ್‌ಗೆ ಓದುಬರಹ ಅಷ್ಟಕ್ಕಷ್ಟೆ, ಹೊಟ್ಟೆನೋವು ಹುಟ್ಟಿನಿಂದಲೇ ಎಂಬಂತೆ. ಶಾಲೆಯ ಬಾಗಿಲಲ್ಲಿ ಸುಮಾರು ನಲವತ್ತು ವರ್ಷ. ರೋಗಿಗಳು ಅಲ್ಲಿಗೇ ಬರತೊಡಗಿದರು, ಆಂದ್ರೆ ಅವರನ್ನು ಸಂತ ಜೋಸೆಫರಿಗೆ ಪ್ರಾರ್ಥಿಸಿ ಎಂದು ಹೇಳಿ ಕಳಿಸುತ್ತಿದ್ದರು. ಇಳಿವಯಸ್ಸಿನಲ್ಲಿ ಜನರ ಸಾಲು ಉದ್ದವಾಯಿತು, ಅವರ ಮಾತು ಗಿಡ್ಡವಾಯಿತು. ಗದರಿಸುತ್ತಿದ್ದರು, ಆಮೇಲೆ ನೊಂದು ಅಳುತ್ತಿದ್ದರು. 1937ರ ಜನವರಿ 6ರಂದು ತೀರಿಕೊಂಡಾಗ ಆ ಊರಿನ ಚಳಿಯಲ್ಲಿ ಲಕ್ಷಾಂತರ ಜನ ಶವಪೆಟ್ಟಿಗೆಯ ಮುಂದೆ ಹಾದುಹೋದರು. ಗದರಿಸಿಕೊಂಡವರೂ ಆ ಸಾಲಿನಲ್ಲಿ ಇದ್ದಿರಬೇಕು.