ಕನಸಿಗೆ ಅರ್ಥ ಹೇಳುವವರು

ಶಿವಮೊಗ್ಗದ ಬಳಿಯ ಮಲವಗೊಪ್ಪದ ಯಾವುದೋ ಮನೆಯಲ್ಲಿ ಬೆಳಗ್ಗೆ ನಲ್ಲಿ ನೀರು ಹಿಡಿಯುವ ಹೊತ್ತು. ಕೊಡ ತುಂಬುವಷ್ಟರಲ್ಲಿ ಫೋನು ಕಿವಿಗೇರಿರುತ್ತದೆ. "ಯಾಕೋ ಬೆಳಗಿನ ಜಾವ ಹಲ್ಲು ಉದುರಿದಂಗೆ ಕನಸು ಬಿತ್ತು ಕಣೇ. ಎಲ್ಲರೂ ಹುಷಾರಾಗಿದೀರಾ?" ಭದ್ರಾವತಿಯಲ್ಲಿರುವ ಮಗಳು ನಗುತ್ತಾಳೆ: "ಚೆನ್ನಾಗೇ ಇದೀವಮ್ಮ. ನೀನು ಬಿಪಿ ಮಾತ್ರೆ ತಗೊಂಡ್ಯಾ?" ಅಲ್ಲಿಗೆ ಆ ಕನಸಿನ ಕೆಲಸ ಮುಗಿಯಿತು.

ನಮ್ಮ ಹೆಂಗಸರ ಸ್ವಪ್ನಶಾಸ್ತ್ರಕ್ಕೆ ಪುಸ್ತಕವಿಲ್ಲ, ಕಟ್ಟಳೆಗಳಿವೆ. ಬೆಳಗಿನ ಜಾವ ಬಿದ್ದದ್ದು ನಿಜವಾಗುತ್ತದೆ. ಹಲ್ಲು ಉದುರಿದರೆ ಹತ್ತಿರದವರಿಗೆ ಕೇಡು. ಮದುವೆ ಕಂಡರೆ ಸಾವಿನ ಸುದ್ದಿ. ಯಾರಾದರೂ ಸತ್ತಂತೆ ಕಂಡರೆ ಅವರ ಆಯುಸ್ಸು ಗಟ್ಟಿ. ಹಾವು ಕಂಡರೆ ನಾಗರಕಲ್ಲಿಗೆ ಹಾಲೆರೆಯಬೇಕು. ಮಕ್ಕಳಿಲ್ಲದ ಮನೆಯಲ್ಲಿ ಅದೇ ಹಾವು ಸಂತಾನದ ಸೂಚನೆ. ತೀರಿಕೊಂಡ ಅತ್ತೆ ಬಂದು ಹಸಿವು ಎಂದರೆ ಎಡೆ ಇಡುವುದು ಬಾಕಿಯಿದೆ. ಒಳ್ಳೆಯ ಕನಸು ಬಿದ್ದ ಮೇಲೆ ಮತ್ತೆ ಮಲಗಬಾರದು, ಕೆಟ್ಟದ್ದನ್ನು ಹರಿಯುವ ನೀರಿಗೆ ಹೇಳಿಬಿಡಬೇಕು. ದೂರದ ಲಿಥುವೇನಿಯಾದಲ್ಲೂ ಹಲ್ಲು ಬಿದ್ದ ಕನಸಿಗೆ ಸಾವಿನ ಅರ್ಥವೇ. ಅಲ್ಲೂ ಇಂಥ ನಂಬಿಕೆಗಳನ್ನು ಹೇಳಿ ಕೇಳಿ ಉಳಿಸಿದವರು ಹೆಚ್ಚಾಗಿ ಹೆಂಗಸರೇ.

ಹೆಂಗಸರೇ ಯಾಕೆ ಎಂಬುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದ ಮೇಲೆ ಈ ಸೀಮೆಯ ಎಷ್ಟೋ ಮನೆಗಳು ಪಾಳಿಯ ಲೆಕ್ಕದಲ್ಲಿ ಬದುಕಿದವು. ಕುಲುಮೆಯ ಮುಂದೆ ದುಡಿಯಲು ಹೊರಟ ಗಂಡನಿಗೆ "ನನಗೆ ಭಯ" ಎನ್ನಲಾರದವಳು "ಕನಸು ಚೆನ್ನಾಗಿ ಬೀಳಲಿಲ್ಲ, ಇವತ್ತು ಜೋಪಾನ" ಎನ್ನಬಹುದಿತ್ತು. ತವರಿಗೆ ಹೋಗುತ್ತೇನೆಂದು ಬಾಯಿಬಿಟ್ಟು ಕೇಳಲಾಗದ ಸೊಸೆಗೂ ಅಪ್ಪ ಕನಸಿನಲ್ಲಿ ಕರೆದ ಎಂಬುದೇ ರಜೆ ಅರ್ಜಿ. ಅವಳ ಮಾತು ನಡೆಯದ ಮನೆಯಲ್ಲೂ ಅವಳ ಕನಸನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.

ಗ್ರಂಥಗಳಲ್ಲಿ ಕಥೆ ಬೇರೆ. ಕ್ರಿ.ಶ. 941ರ ಪಂಪನ 'ಆದಿಪುರಾಣ'ದಲ್ಲಿ ಮರುದೇವಿ 16 ಕನಸು ಕಾಣುತ್ತಾಳೆ. ತೀರ್ಥಂಕರನೇ ಮಗನಾಗಿ ಹುಟ್ಟುತ್ತಾನೆಂದು ಅರ್ಥ ಬಿಡಿಸುವವನು ಗಂಡ ನಾಭಿರಾಜ. ಕಾಣುವುದು ಆಕೆ, ಹೇಳುವುದು ಆತ. ಈ ಪದ್ಧತಿಯನ್ನು ಮುರಿದವಳು ನಮ್ಮ ಶಿವಮೊಗ್ಗ ಜಿಲ್ಲೆಯ ಉಡುತಡಿಯವಳೇ. 12ನೇ ಶತಮಾನದ ಅಕ್ಕಮಹಾದೇವಿ ಒಂದು ವಚನದಲ್ಲಿ ತನ್ನ ಕನಸನ್ನು ಗೆಳತಿಗೆ ಹೇಳಿಕೊಳ್ಳುತ್ತಾಳೆ. ಅಕ್ಕಿ, ಅಡಿಕೆ, ತೆಂಗಿನಕಾಯಿ ಕಾಣಿಸಿದವು; ಜಡೆಯ ಗೊರವನೊಬ್ಬ ಭಿಕ್ಷೆಗೆಂದು ಮನೆಗೆ ಬಂದ; ನಿಲ್ಲದೆ ಹೊರಟವನ ಬೆನ್ನುಹತ್ತಿ ಕೈಹಿಡಿದಳು. ಅರ್ಥ ಹೇಳಿರೆಂದು ಆಕೆ ಯಾರ ಮುಂದೆಯೂ ನಿಲ್ಲುವುದಿಲ್ಲ. ಬಂದವನು ಯಾರೆಂದು ಅವಳಿಗೆ ಗೊತ್ತು.

ಆದರೆ ಅರ್ಥ ಹೇಳುವ ಅಧಿಕಾರ ಹೆಣ್ಣಿನ ಕೈಗೆ ಬಂದ ಮಾತ್ರಕ್ಕೆ ಎಲ್ಲ ಒಳ್ಳೆಯದಾಯಿತು ಎನ್ನುವಂತಿಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ ಹೆಂಡತಿಯ ದ್ರೋಹವನ್ನು ಕಣ್ಣಾರೆ ಕಂಡ ರಾಜ, ತಾಯಿ ಚಂದ್ರಮತಿಯ ಮುಂದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಮಗನ ಮೇಲಿನ ಅಕ್ಕರೆಗೆ ಆಕೆ ಶಾಂತಿಗಾಗಿ ಬಲಿ ಕೊಡಿಸಬೇಕೆಂದು ಹಟ ಹಿಡಿಯುತ್ತಾಳೆ. ಜೀವಬಲಿಗೆ ಒಪ್ಪದ ಮಗ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಸಂಕಲ್ಪದ ಹಿಂಸೆಗೇ ತಾಯಿ ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ತೊಳಲುತ್ತಾರೆ.

ಚಂದ್ರಮತಿಯಲ್ಲಿ ಪ್ರೀತಿಗೇನೂ ಕಡಿಮೆಯಿರಲಿಲ್ಲ. ಆ ಪ್ರೀತಿ ಇನ್ನೊಂದು ಜೀವವನ್ನು ಕೇಳಿತು, ಅಲ್ಲೇ ತಪ್ಪಿತು. ಹೊಸ ಸೊಸೆ ಬಂದ ಮೇಲೆ ಕನಸು ಕೆಟ್ಟವೆಂದು ದೂರುವ ಮನೆಗಳು, ಒಂದು ಕನಸಿನ ಶಾಂತಿಗೆ ಸಾವಿರಗಟ್ಟಲೆ ಕೀಳುವ ಜೋಯಿಸರು ಈಗಲೂ ಇದ್ದಾರೆ. ಕನಸು ನಿಜವಾಗುತ್ತದೋ ಇಲ್ಲವೋ ಎಂಬ ವಾದ ಬೇಗ ಮುಗಿಯುವಂಥದ್ದಲ್ಲ. ಫಲಿಸಿದ ಒಂದು ನೆನಪಿರುತ್ತದೆ, ಹುಸಿಯಾದ ನೂರು ಮರೆತುಹೋಗುತ್ತವೆ. ಆದರೆ ಕನಸು ಕಂಡು ಎದ್ದವರು ಮುಂದೆ ಏನು ಮಾಡಿದರು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮಲವಗೊಪ್ಪದ ಚನ್ನಬಸವೇಶ್ವರನಿಗೆ ಒಂದು ಕಾಯಿ, ಹಿರಿಯರಿಗೆ ಒಂದು ಎಡೆ, ಮಗಳಿಗೆ ಒಂದು ಫೋನು, ಇಷ್ಟಾದರೆ ಯಾರಿಗೂ ನಷ್ಟವಿಲ್ಲ. ಇನ್ನೊಬ್ಬರ ತಲೆಗೆ ತಪ್ಪು ಹೊರಿಸುವ ಕನಸನ್ನು ಮಾತ್ರ ಹರಿಯುವ ನೀರಿಗೇ ಹೇಳಬೇಕು.