ದೇವನೊಬ್ಬನಾದರೂ ಕಲಹವೇಕೆ?



ರಾಜಾಜಿನಗರದಲ್ಲಿ ನಡೆದ ಸುಮಧ್ವವಿಜಯ ಪ್ರವಚನದಲ್ಲಿ ಹತ್ತನೆಯ ಸರ್ಗವು ಮುಗಿದ ದಿನ, ತೀರ್ಥಪ್ರಸಾದದ ವೇಳೆಯಲ್ಲಿ ವಿಜಯನಗರದ ತರುಣನೊಬ್ಬನು ಬಳಿಗೆ ಬಂದು, "ದೇವರು ಒಬ್ಬನೇ ಎಂದು ಎಲ್ಲ ಮತದವರೂ ಹೇಳುತ್ತಾರಲ್ಲ, ಹಾಗಿದ್ದೂ ಹೊಡೆದಾಟವೇಕೆ?" ಎಂದು ಕೇಳಿದನು. ಅಂದು ನಾನು ಕೊಟ್ಟ ಉತ್ತರವು ನನಗೇ ಸಮಾಧಾನವನ್ನು ತರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲ ಮತಗಳೂ ಒಂದನ್ನೇ ಹೇಳುತ್ತವೆ, ತಿಳಿಯದವರು ಜಗಳವಾಡುತ್ತಾರೆ ಎಂಬ ಉತ್ತರ ಸುಲಭವಾದುದು. ತತ್ತ್ವವಾದಿಗಳಾದ ನಾವು ಅದನ್ನು ಹೇಳಲಾರೆವು. ಭೇದವು ಸತ್ಯವೆಂಬುದೇ ನಮ್ಮ ಸಿದ್ಧಾಂತ. ಶ್ರೀಮದಾಚಾರ್ಯರು ಜೀವಮಾನವೆಲ್ಲ ಪರಮತಗಳೊಡನೆ ವಾದಿಸಿದರು. ಪ್ರಮೇಯದಲ್ಲಿ ಒಂದು ಎಳ್ಳಿನಷ್ಟನ್ನೂ ಬಿಟ್ಟುಕೊಡಲಿಲ್ಲ. ಆದರೆ ವಾದವು ಕಲಹವಲ್ಲ. ಕಾಸರಗೋಡಿನ ಸೀಮೆಯ ತ್ರಿವಿಕ್ರಮ ಪಂಡಿತಾಚಾರ್ಯರು ಆಚಾರ್ಯರೊಡನೆ ದಿನಗಟ್ಟಲೆ ವಾದಿಸಿ, ಕಡೆಗೆ ಅವರ ಪಾದಕ್ಕೆರಗಿ ಶಿಷ್ಯರಾದರು. ಅವರ ಮಗನೇ ಸುಮಧ್ವವಿಜಯವನ್ನು ಬರೆದ ನಾರಾಯಣ ಪಂಡಿತಾಚಾರ್ಯರು. ಅಭಿಪ್ರಾಯಭೇದವೇ ಹಗೆತನಕ್ಕೆ ಕಾರಣವಾಗಿದ್ದರೆ ಆ ಗ್ರಂಥವೇ ನಮಗೆ ದೊರೆಯುತ್ತಿರಲಿಲ್ಲ.

ಹಾಗಾದರೆ ಕಾರಣವೇನು? ಅಣ್ಣತಮ್ಮಂದಿರು ಆಸ್ತಿಗಾಗಿ ನ್ಯಾಯಾಲಯಕ್ಕೆ ಹೋದಾಗ, ತಂದೆಯು ಒಬ್ಬನೇ ಎಂಬುದರಲ್ಲಿ ಅವರಿಗೆ ಸಂಶಯವಿರುವುದಿಲ್ಲ. ತಂದೆ ಒಬ್ಬನಾದುದರಿಂದಲೇ ವ್ಯಾಜ್ಯ. ಬೇರೆ ಬೇರೆ ತಂದೆಯ ಮಕ್ಕಳಾಗಿದ್ದರೆ ಹಂಚಿಕೊಳ್ಳುವುದೇನಿತ್ತು? ಜೆರುಸಲೇಮ್ ಪಟ್ಟಣಕ್ಕಾಗಿ ಶತಮಾನಗಳ ಕಾಲ ರಕ್ತ ಹರಿಸಿದ ಯಹೂದ್ಯರು, ಕ್ರೈಸ್ತರು, ಮುಸಲ್ಮಾನರು ಮೂವರೂ ಅಬ್ರಹಾಮನ ದೇವರನ್ನೇ ನಂಬಿದವರು. ದೇವರು ಒಬ್ಬನೆಂದು ಒಪ್ಪಿದ ಮೇಲೆ, ಅವನು ಯಾರವನು ಎಂಬ ಪ್ರಶ್ನೆ ಹುಟ್ಟಿತು. ಒಂದು "ನಮ್ಮ" ಎಂಬ ಮಾತು ಸೇರಿತು, ಅಷ್ಟೇ.

ದೂರದೇಶದ ದೃಷ್ಟಾಂತವನ್ನು ಹೇಳಿ ಕೈತೊಳೆದುಕೊಳ್ಳುವುದು ಉಚಿತವಲ್ಲ. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಪದ್ಮನಾಭತೀರ್ಥರು ಅಲ್ಲಿದ್ದಾರೆ. ಅಲ್ಲಿನ ಆರಾಧನೆಯನ್ನು ಯಾರು, ಯಾವ ದಿನ ನಡೆಸಬೇಕೆಂಬ ವಿಷಯದಲ್ಲಿ ನಮ್ಮವರೇ ವ್ಯಾಜ್ಯ ಹೂಡಿ, ಪೂಜೆಯ ದಿನಗಳನ್ನು ನ್ಯಾಯಾಲಯವು ಹಂಚಿಕೊಡಬೇಕಾದ ಸಂದರ್ಭವೂ ಬಂದಿದೆ. ದೇವರು ಒಬ್ಬನೇ, ಗುರು ಒಬ್ಬರೇ, ಭಾಷ್ಯ ಒಂದೇ. ತಾರತಮ್ಯ ಪಂಚಭೇದಗಳಲ್ಲಿ ಕೂದಲೆಳೆಯಷ್ಟೂ ಅಂತರವಿಲ್ಲ. ಇಷ್ಟಿದ್ದೂ ಹೀಗೆ. ಪರರನ್ನೇಕೆ ಹೇಳಲಿ, ಪಕ್ಕದ ಬಡಾವಣೆಯಲ್ಲಿ ಬೇರೊಂದು ಮಠದವರು ನಡೆಸಿದ ಆರಾಧನೆಗೆ, ಆಹ್ವಾನವಿದ್ದರೂ ಬೇಕೆಂದೇ ಹೋಗದೆ ಮನೆಯಲ್ಲಿ ಕುಳಿತ ಪಾಪಕ್ಕೆ ನಾನೂ ಭಾಗಿ.

2019ರ ಜುಲೈ ತಿಂಗಳಿನಲ್ಲಿ ಅದೇ ನಡುಗಡ್ಡೆಯಲ್ಲಿ ಶ್ರೀವ್ಯಾಸರಾಜರ ಬೃಂದಾವನವನ್ನು ರಾತ್ರೋರಾತ್ರಿ ಕೆಡವಿದರೆಂಬ ಸುದ್ದಿ ಬಂದಾಗ, ಅನ್ಯಮತೀಯರ ಕೃತ್ಯವಿರಬೇಕೆಂದೇ ನನ್ನ ಮನಸ್ಸು ಮೊದಲು ಓಡಿತು. ಪೊಲೀಸರು ಬಂಧಿಸಿದ್ದು ನಿಧಿಯಾಸೆಯಿಂದ ಅಗೆದವರ ಗುಂಪನ್ನು. ಬೇರೆ ಬೇರೆ ಮಠಗಳವರು ಕೂಡಿ ಬೃಂದಾವನವನ್ನು ಒಡನೆಯೇ ಪುನಃ ನಿಲ್ಲಿಸಿದರು. ನನ್ನ ಮನಸ್ಸು ಓಡಿದ ದಾರಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಭಗವಂತನೊಬ್ಬನೇ ಸ್ವತಂತ್ರನು, ಉಳಿದುದೆಲ್ಲ ಅವನ ಅಧೀನ ಎಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ಮಾತು. ನಾವು ಅವನವರೇ ಹೊರತು, ಅವನು ನಮ್ಮ ಸ್ವತ್ತಲ್ಲ. "ನಮ್ಮ ದೇವರನ್ನು ನಾವು ಕಾಪಾಡಬೇಕು" ಎಂದು ತೋಳೇರಿಸುವವನು, ಶ್ರದ್ಧಾವಂತನಂತೆ ಕಂಡರೂ, ಸ್ವಾತಂತ್ರ್ಯವನ್ನು ಹರಿಯಿಂದ ಕಿತ್ತು ತನ್ನ ಜೇಬಿಗೆ ಹಾಕಿಕೊಂಡವನು. ಅಹಂ-ಮಮತೆಗಳು ಇಲ್ಲಿ ಭಕ್ತಿಯ ವೇಷದಲ್ಲಿ ಬರುತ್ತವೆ. ಕಾಮಕ್ರೋಧಗಳನ್ನು ಗುರುತಿಸಿದಷ್ಟು ಬೇಗ ಇವನ್ನು ಗುರುತಿಸಲಾಗದು.

2017ರ ಜೂನ್ 24ರಂದು, ತಮ್ಮ ಐದನೆಯ ಪರ್ಯಾಯದ ಕಾಲದಲ್ಲಿ, ಪೇಜಾವರದ ಶ್ರೀವಿಶ್ವೇಶತೀರ್ಥರು ಉಡುಪಿಯ ಶ್ರೀಕೃಷ್ಣಮಠದ ಭೋಜನಶಾಲೆಯಲ್ಲಿ ರಂಜಾನ್ ಉಪವಾಸಿಗಳಾದ ಮುಸಲ್ಮಾನರಿಗೆ ಫಲಾಹಾರವನ್ನಿತ್ತರು. ಕೆಲವರು ಪ್ರತಿಭಟಿಸಿದರು. ಶ್ರೀಗಳಾದರೋ ರಾಮಜನ್ಮಭೂಮಿಯ ಆಂದೋಲನದಲ್ಲಿ ಮುಂದಾಳುಗಳಾಗಿದ್ದವರು. ಸ್ವಮತನಿಷ್ಠೆ ಸಾಲದೆಂದು ಯಾರೂ ಅವರನ್ನು ಹೇಳುವಂತಿರಲಿಲ್ಲ. 2019ರ ಡಿಸೆಂಬರ್ 29ರಂದು ಅವರು ಹರಿಪದವನ್ನು ಸೇರುವವರೆಗೂ ಆ ನಿಷ್ಠೆಯಲ್ಲಿ ಕೊರತೆಯಾಗಲಿಲ್ಲ. ಹಸಿದವನಿಗೆ ಹಣ್ಣು ಕೊಟ್ಟರೆ ತನ್ನ ಪ್ರಮೇಯ ಕರಗಿಹೋಗುತ್ತದೆಂದು ಹೆದರುವವನಿಗೆ ಆ ಪ್ರಮೇಯದಲ್ಲಿ ಎಷ್ಟು ನಂಬಿಕೆಯಿದ್ದೀತು?

ಆ ತರುಣನು ಪ್ರಶ್ನೆ ಕೇಳಿದ ದಿನದ ಕಥೆಯೂ ಇದೇ. ಬದರಿಗೆ ಹೊರಟ ಆಚಾರ್ಯರು ಗಂಗಾತೀರಕ್ಕೆ ಬಂದಾಗ ರಾಜರ ವೈರದಿಂದ ದೋಣಿಗಳಿರಲಿಲ್ಲ. ಶಿಷ್ಯರೊಡನೆ ನದಿಯನ್ನು ದಾಟಿದರು. ಆಚೆಯ ದಡದಲ್ಲಿ ತುರುಷ್ಕರಾಜನ ಭಟರು ಕೊಲ್ಲಲು ಬಂದರು. ಆಚಾರ್ಯರು ಹಿಂಜರಿಯದೆ ರಾಜನ ಬಳಿಗೇ ನಡೆದು, ಜಗತ್ತನ್ನು ಬೆಳಗುವ ಪ್ರಭುವನ್ನು ನಂಬಿ ಹೊರಟವರಿಗೆ ಭಯವಿಲ್ಲವೆಂಬ ಭಾವವನ್ನು ಅವನದೇ ಭಾಷೆಯಲ್ಲಿ ಅವನಿಗೆ ತಿಳಿಸಿದರು. ತಮ್ಮ ಸಿದ್ಧಾಂತವನ್ನು ಮರೆಮಾಡಲಿಲ್ಲ, ಅವನನ್ನು ಹಳಿಯಲೂ ಇಲ್ಲ. ರಾಜನು ಪ್ರಸನ್ನನಾಗಿ ಅರ್ಧರಾಜ್ಯವನ್ನೇ ಕೊಡಬಯಸಿದನೆಂದು ಗ್ರಂಥವು ಹೇಳುತ್ತದೆ. ನಮ್ಮಂಥವರಾಗಿದ್ದರೆ ಆ ಅರ್ಧದ ಮೇರೆ ಎಲ್ಲಿಯದೆಂದು ಇಂದಿಗೂ ವಾದಿಸುತ್ತಿದ್ದೆವೇನೋ. ಆಚಾರ್ಯರು ಅದನ್ನು ಅಲ್ಲಿಯೇ ಬಿಟ್ಟು, ಶಿಷ್ಯರೊಡನೆ ಬದರಿಯ ಹಾದಿಯನ್ನು ಹಿಡಿದರು.

॥ ಶ್ರೀಕೃಷ್ಣಾರ್ಪಣಮಸ್ತು ॥