ತಿಳಿನೀರು

"ಗೊತ್ತಿರಲಿಲ್ಲ ಟೀಚರ್" ಎಂಬ ಮಾತನ್ನು ಈ ಮೂವತ್ತು ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಪರೀಕ್ಷೆ ಎಂದು ಗೊತ್ತಿರಲಿಲ್ಲ, ಆ ಗಿಡ ಕೀಳಬಾರದೆಂದು ಗೊತ್ತಿರಲಿಲ್ಲ, ಅವನ ಕೈಗೆ ಮೊದಲೇ ಪೆಟ್ಟಾಗಿತ್ತೆಂದು ಗೊತ್ತಿರಲಿಲ್ಲ. ನನ್ನ ಉತ್ತರವೂ ಅಷ್ಟೇ ವರ್ಷಗಳಿಂದ ಒಂದೇ: "ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು." ಈ ಮಾತು ಒಂದು ದಿನ ತಿರುಗಿ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ.

ಕಳೆದ ಬೇಸಿಗೆಯ ಮಾತು. ಮಗಳು ಎರಡನೆಯ ಹೆರಿಗೆಗೆಂದು ತವರಿಗೆ ಬಂದಿದ್ದಳು. ಜೊತೆಯಲ್ಲಿ ಆರು ವರ್ಷದ ಮೊಮ್ಮಗಳು. ಅಮ್ಮನ ಹತ್ತಿರ ಮೊದಲಿನಂತೆ ಎತ್ತಿಕೋ ಎನ್ನುವಂತಿಲ್ಲ, ಬೀದಿಯಲ್ಲಿ ಓರಗೆಯ ಮಕ್ಕಳಿಲ್ಲ. ಮಗುವಿನ ಬಾಡಿದ ಮುಖ ನೋಡಲಾರದೆ ನಮ್ಮವರು ಒಂದು ಸಂಜೆ ಗಾಜಿನ ಪೆಟ್ಟಿಗೆಯೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಒಂದಡಿ ಎತ್ತರ. ಎರಡು ಕೊಡ ನೀರು ಹಿಡಿಯುವಷ್ಟು. ಅದರ ಜೊತೆಗೆ ಬಣ್ಣದ ಕಲ್ಲುಗಳು, ಗುಳುಗುಳು ಎಂದು ಗಾಳಿಯೂದುವ ಪುಟ್ಟ ಯಂತ್ರ, ಅದಕ್ಕೊಂದು ಸ್ಪಂಜು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗೋಲ್ಡ್ ಫಿಷ್. "ನೀರು ತುಂಬಿಸಿ ಮೀನು ಬಿಡಿ, ಅಷ್ಟೇ" ಎಂದಿದ್ದನಂತೆ ಅಂಗಡಿಯವನು. ನಾವೂ ನಲ್ಲಿ ನೀರು ತುಂಬಿಸಿ ಅರ್ಧ ಗಂಟೆಯಲ್ಲಿ ಮೀನು ಬಿಟ್ಟೆವು.

ಎರಡು ದಿನ ಮನೆಯಲ್ಲಿ ಹಬ್ಬ. ಮೀನು ಬಾಯಿ ತೆರೆದಾಗಲೆಲ್ಲ ಹಸಿವೆಂದುಕೊಂಡು ಮೊಮ್ಮಗಳೊಮ್ಮೆ, ತಾತ ಒಮ್ಮೆ, ಇಬ್ಬರಿಗೂ ತಿಳಿಯದಂತೆ ನಾನೊಮ್ಮೆ ಕಾಳು ಹಾಕಿದ್ದೇ ಹಾಕಿದ್ದು. ಮನೆಗೆ ಬಂದವರನ್ನು ಹಸಿದು ಕೂರಲು ಬಿಡುವ ಜಾಯಮಾನವೇ ನಮ್ಮದಲ್ಲ ನೋಡಿ. ಮೂರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತೆ ತುಸು ಬೆಳ್ಳಗಾಯಿತು. ಕೊಳೆ ಕಂಡರೆ ಸುಮ್ಮನಿರುವವಳಲ್ಲ ನಾನು. ಸೆರಗು ಸಿಕ್ಕಿಸಿ, ಅಷ್ಟೂ ನೀರನ್ನು ಚೆಲ್ಲಿ, ಒಂದೊಂದು ಕಲ್ಲನ್ನೂ ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದು, ಬ್ಲೀಚಿಂಗ್ ಪೌಡರಿನ ವಾಸನೆಯಿದ್ದ ಹೊಸ ನೀರು ತುಂಬಿಸಿದೆ. ನೀರು ಸ್ಫಟಿಕದಂತೆ ಹೊಳೆಯಿತು. ಸೊಂಟ ಹಿಡಿದುಕೊಂಡರೂ ಮನಸ್ಸಿಗೆ ತೃಪ್ತಿ.

ಐದನೆಯ ದಿನ ಬೆಳಿಗ್ಗೆ ಒಂದು ಮೀನು ತೇಲುತ್ತಿತ್ತು. ಇನ್ನೂ ಸಾಕಷ್ಟು ಶುಚಿಯಾಗಿಲ್ಲವೇನೋ ಎಂದು ಮತ್ತೆ ತೊಳೆದೆ. ಏಳನೆಯ ದಿನ ಎರಡನೆಯದು. ಮತ್ತೆ ತೊಳೆದೆ. ಹತ್ತನೆಯ ದಿನ ಮೂರನೆಯದು. ಅದು ಹಿಂದಿನ ರಾತ್ರಿಯೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ನಾನು ಅಯ್ಯೋ ಪಾಪ ಎಂದು ಇನ್ನೊಂದು ಚಿಟಿಕೆ ಕಾಳು ಹಾಕಿ ಮಲಗಿದ್ದೆ.

ಪಕ್ಕದ ಮನೆಯವರು ಕುಂದಾಪುರದ ಕಡೆಯವರು. "ಅಲ್ಲ ಟೀಚರೇ, ಮೀನು ತಿನ್ನುವವರು ನಾವು. ಸಾಯುವುದು ಮಾತ್ರ ನಿಮ್ಮ ಮನೆಯಲ್ಲಿ!" ಎಂದು ನಕ್ಕರು. ನಾನೂ ನಕ್ಕೆ. ನಾವು ಹಿಂಸೆ ಮಾಡುವವರಲ್ಲ ಎಂದು ಒಳಗೊಂದು ಜಂಬವಿತ್ತು, ಅದಕ್ಕೆ ಸಣ್ಣಗೆ ಮುಳ್ಳು ತಾಕಿತು. ಆದರೆ ನಿಜವಾಗಿ ಇರಿದದ್ದು ಬೇರೆ ಮಾತು. ದಾಸವಾಳದ ಬುಡದಲ್ಲಿ ಮೂರನೆಯ ಮೀನಿಗೆ ಮಣ್ಣು ಮುಚ್ಚುತ್ತ, "ಮೀನು ದೇವರ ಹತ್ತಿರ ಹೋಯ್ತು ಪುಟ್ಟಿ" ಎಂದೆ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಪಾಪೂನೂ ನೀನೇ ನೋಡ್ಕೋತೀಯಾ ಅಜ್ಜಿ?"

ಮಗು ಚುಚ್ಚಬೇಕೆಂದು ಕೇಳಲಿಲ್ಲ. ಅವಳಿಗೆ ಭಯವಾಗಿತ್ತು. ಅದಕ್ಕೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಶಾಲೆಯ ವಿಜ್ಞಾನದ ಟೀಚರ್ ಹಿಂದಿನ ಬೀದಿಯಲ್ಲೇ ಇದ್ದಾಳೆ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮನೆಯಲ್ಲಿ ಎರಡು ವರ್ಷದಿಂದ ಮೀನಿದೆ. ಮರುದಿನ ಹೇಳಿಕಳಿಸಿದೆ. ಅವಳು ಬರುವಾಗ ಒಂದು ಗಾಜಿನ ನಳಿಗೆಯನ್ನೂ ಎರಡು ಪುಟ್ಟ ಸೀಸೆಗಳನ್ನೂ ತಂದಳು. ನಮ್ಮ ಪೆಟ್ಟಿಗೆಯ ನೀರನ್ನು ನಳಿಗೆಗೆ ತುಂಬಿ, ಎಣಿಸಿ ಎಣಿಸಿ ಹನಿ ಹಾಕಿ ಕುಲುಕಿದಳು. "ಹಳದಿಯಾಗೇ ಉಳಿದರೆ ಕ್ಷೇಮ ಮೇಡಂ. ಹಸಿರಿಗೆ ತಿರುಗಿದಷ್ಟೂ ಅಮೋನಿಯ ಜಾಸ್ತಿ ಅಂತ." ಐದು ನಿಮಿಷದಲ್ಲಿ ಆ ನೀರು ಬಾಳೆಎಲೆಯ ಹಸಿರಾಯಿತು. ಪೆಟ್ಟಿಗೆಯಲ್ಲಿ ಮಾತ್ರ ಅದೇ ನೀರು ಕನ್ನಡಿಯಂತೆ ತಿಳಿಯಾಗಿ ನಿಂತಿತ್ತು.

ಅವಳು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮೀನಿನ ಕಿವಿರಿನಿಂದಲೂ ಹೇಲಿನಿಂದಲೂ, ತಿನ್ನದೆ ಉಳಿದು ಕೊಳೆತ ಕಾಳಿನಿಂದಲೂ ಅಮೋನಿಯ ಹುಟ್ಟುತ್ತದೆ. ಕಣ್ಣಿಗೆ ಕಾಣದು, ಮೀನಿನ ಕಿವಿರನ್ನು ಸುಡುತ್ತದೆ. ನೀರು ಬೆಚ್ಚಗಾದಷ್ಟೂ ಕ್ಷಾರವಾದಷ್ಟೂ ಅದರ ವಿಷ ಏರುತ್ತದೆ, ನಮ್ಮದೋ ಬೇಸಿಗೆ. ಹಾಗಾದರೆ ಕೆರೆಯ ಮೀನು ಹೇಗೆ ಬದುಕುತ್ತದೆ? ಅಲ್ಲಿ ಕಲ್ಲು, ಮಣ್ಣು, ಗಿಡದ ಮೈಮೇಲೆಲ್ಲ ಸೂಕ್ಷ್ಮಜೀವಿಗಳ ಸಂಸಾರವಿದೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತಕ್ಕೆ ಪ್ರಾಣವಾಯು ಹೊರಲಾಗದಂತೆ ಮಾಡುತ್ತದೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಮೀನು ಮಟ್ಟಿಗೆ ತಡೆದುಕೊಳ್ಳುತ್ತದೆ. ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ಆಗಾಗ ಸ್ವಲ್ಪ ನೀರು ಬದಲಿಸಿ ತೆಗೆಯಬೇಕು. ಈ ಜೀವಿಗಳನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರಲ್ಲೇ ಬೇರ್ಪಡಿಸಿ ತೋರಿಸಿದ್ದನಂತೆ. ಹೊಸ ಪೆಟ್ಟಿಗೆಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವು ಇರುವುದು ನೀರಿನಲ್ಲಿ ತೇಲಿಕೊಂಡಲ್ಲ, ಹೆಚ್ಚಾಗಿ ಕಲ್ಲಿಗೆ, ಸ್ಪಂಜಿಗೆ ಅಂಟಿಕೊಂಡು. ನಾನು ತಿಕ್ಕಿ ತಿಕ್ಕಿ ತೊಳೆದದ್ದು ಅವುಗಳನ್ನೇ. ಅಳಿದುಳಿದವನ್ನೂ ಮೀನಿನ ಕಿವಿರನ್ನೂ ನಲ್ಲಿ ನೀರಿನ ಕ್ಲೋರಿನ್ ನೋಡಿಕೊಂಡಿತ್ತು.

"ನೈಟ್ರೋಜನ್ ಸೈಕಲ್ ಮೇಡಂ, ಸಾರಜನಕ ಚಕ್ರ" ಎಂದಳು. ಆ ಪಟ ನಮ್ಮ ಶಾಲೆಯ ಗೋಡೆಯಲ್ಲಿ ಎಷ್ಟೋ ವರ್ಷಗಳಿಂದ ನೇತಾಡುತ್ತಿದೆ. ಅದರ ಮೊಳೆ ಬಿದ್ದಾಗ ಹೊಡೆಸಿದವಳೇ ನಾನು. ಅದು ಐದು ಅಂಕದ ಪ್ರಶ್ನೆ ಎಂದಷ್ಟೇ ತಿಳಿದಿದ್ದೆ, ಒಂದು ಜೀವದ ಪ್ರಶ್ನೆ ಎಂದು ತಿಳಿದಿರಲಿಲ್ಲ. ಕನ್ನಡ ಪಾಠ ಹೇಳುವವಳು ನಾನು. ತಿಳಿ ಎಂದರೆ ಕಲಕಿಲ್ಲದ್ದು ಎಂದೂ ಆಗುತ್ತದೆ, ಅರಿತುಕೋ ಎಂದೂ ಆಗುತ್ತದೆ. ನೀರು ತಿಳಿಯಾಗಿರುವುದನ್ನು ನೋಡಿ ನೀರನ್ನು ತಿಳಿದೆನೆಂದುಕೊಂಡೆ.

ನಾಚಿಕೆಯ ಸಂಗತಿಯೆಂದರೆ ಇದೆಲ್ಲ ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹೊಸ ದೋಸೆ ಕಾವಲಿ ಪಳಗುವವರೆಗೆ ಕಾಯುವವಳು ನಾನು. ಪಳಗಿದ ಕಾವಲಿಗೆ ಸೋಪು ಹಾಕಿ ಉಜ್ಜಿದರೆಂದು ಮಗಳನ್ನು ಗದರಿಸಿದವಳೂ ನಾನೇ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಕಾಣದ ಜೀವಗಳು ಕತ್ತಲಲ್ಲಿ ತಮ್ಮ ಪಾಡಿಗೆ ಕೆಲಸ ಮಾಡಲಿ ಎಂದು ಬಿಡುವುದು ನಮ್ಮ ಅಡಿಗೆಮನೆಯ ನಿತ್ಯದ ಪಾಠ. ಗಾಜಿನ ಪೆಟ್ಟಿಗೆ ನಡುಮನೆಯಲ್ಲಿತ್ತಲ್ಲ, ಆ ಪಾಠ ಅಲ್ಲಿಯವರೆಗೆ ಬರಲಿಲ್ಲ.

ಗೊತ್ತಿಲ್ಲದೆ, ಅದೂ ಪ್ರೀತಿಯಿಂದ ಮಾಡಿದ್ದು ತಪ್ಪಾಗುತ್ತದೆಯೇ? ಬಹಳ ದಿನ ಇದನ್ನೇ ಯೋಚಿಸಿದೆ. ಕೊಲ್ಲಬೇಕೆಂಬ ಮನಸ್ಸು ನನಗಿರಲಿಲ್ಲ, ಅದು ನಿಜ. ಆ ನಿಜದಿಂದ ನನಗೆ ಕ್ಷಮೆ ಸಿಗಬಹುದು, ಮೀನಿಗೆ ಜೀವ ಸಿಗುವುದಿಲ್ಲ. ಇನ್ನೂ ಸ್ವಲ್ಪ ಆಳಕ್ಕೆ ಇಳಿದು ನೋಡಿದರೆ ಬೇರೆಯೇ ಒಂದು ಕಂಡಿತು. ನಾನು ತೊಳೆದದ್ದು ಯಾರಿಗಾಗಿ? ತೊಳೆದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಕಾಳು ಹಾಕಿದರೆ ನನಗೆ ಸಂತೋಷವಾಗುತ್ತಿತ್ತು. ಮೀನಿಗೆ ಏನು ಬೇಕೆಂದು ಒಮ್ಮೆಯೂ ಯಾರನ್ನೂ ಕೇಳಲಿಲ್ಲ, ಏಕೆಂದರೆ ಸಾಕುವುದು ನನಗೆ ಗೊತ್ತು ಎಂಬ ಭರವಸೆ. ಇಬ್ಬರು ಮಕ್ಕಳನ್ನು ಸಾಕಿದವಳಲ್ಲವೇ! ನಾವು ಆರೈಕೆ ಎನ್ನುವುದರಲ್ಲಿ ಎಷ್ಟು ಪಾಲು ಅವರಿಗೆ, ಎಷ್ಟು ಪಾಲು ನಮ್ಮ ತಳಮಳಕ್ಕೆ ಎಂದು ಅಳೆಯಲು ಯಾವ ಅಂಗಡಿಯಲ್ಲೂ ಸೀಸೆ ಸಿಗುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರುವುದೂ ಆರೈಕೆಯಲ್ಲ. ಆಮೇಲೆ ನಾವು ಮಾಡಿದ್ದು ಇಷ್ಟು. ಆ ಹುಡುಗಿ ತನ್ನ ಮನೆಯ ಹಳೆಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಮ್ಮ ಪೆಟ್ಟಿಗೆಗೆ ಇಟ್ಟಳು, ಹೆಪ್ಪಿನ ಹಾಗೆ. ಕಾಳು ದಿನಕ್ಕೊಂದೇ ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ನಲ್ಲಿ ನೀರನ್ನು ಅಗಲವಾದ ಟಬ್ಬಿನಲ್ಲಿ ಒಂದಿಡೀ ದಿನ ಇಟ್ಟು ಕ್ಲೋರಿನ್ ಹೋದ ಮೇಲೆ, ಎರಡು ದಿನಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸುವುದು. ಸ್ಪಂಜನ್ನು ಪೆಟ್ಟಿಗೆಯಿಂದ ತೆಗೆದ ನೀರಿನಲ್ಲೇ ಹಗುರಾಗಿ ಅದ್ದುವುದು. ಚಿಕ್ಕ ಪೆಟ್ಟಿಗೆಯ ನೀರು ದೊಡ್ಡದಕ್ಕಿಂತ ಬೇಗ ಕೆಡುತ್ತದೆ, ಆದ್ದರಿಂದ ದಿನಾ ನೋಡುವುದು. ತೊಳೆಯಲೆಂದು ಎಷ್ಟೋ ಸಲ ಕೈ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಐದನೆಯ ವಾರ ನಳಿಗೆಯ ನೀರು ಅರಿಸಿನದಂತೆ ಹಳದಿಯಾಗಿ ಉಳಿಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಉಳಿದ ಒಂದೇ ಮೀನು ಕಲ್ಲಿನ ಸಂದಿಯಲ್ಲಿ ಮೂತಿ ತೂರಿಸಿ ಏನನ್ನೋ ಹುಡುಕುತ್ತಿತ್ತು. ಗೋಲ್ಡ್ ಫಿಷ್ ದೊಡ್ಡದಾಗಿ ಬೆಳೆಯುವ ಜಾತಿಯಂತೆ. ಅದಕ್ಕೆ ಈ ಮನೆ ಸಾಲದು, ಬೇರೆ ನೋಡಬೇಕು.

ಆ ದಿನ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಆ ಮೂರು ಮೀನು ನನ್ನಿಂದಲೇ ಸತ್ತವು ಪುಟ್ಟಿ. ನನಗೆ ಗೊತ್ತಿರಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ." ಅವಳು ನನ್ನ ಮುಖವನ್ನೇ ನೋಡಿ, "ಪಾಪು ಬಂದಾಗ ಕೇಳ್ತೀಯಾ?" ಎಂದಳು. "ಕೇಳ್ತೀನಿ" ಎಂದೆ.

ಮಗಳಿಗೆ ಗಂಡು ಮಗುವಾಯಿತು. ಆಸ್ಪತ್ರೆಗೆ ಹೊರಡುವಾಗ ಮಡಿಬಟ್ಟೆಯಲ್ಲಿ ಸುತ್ತಿ ಪುಟ್ಟ ಜೇನುತುಪ್ಪದ ಸೀಸೆ ಇಟ್ಟುಕೊಂಡಿದ್ದೆ. ನಮ್ಮಮ್ಮ ನನ್ನ ಮಕ್ಕಳ ನಾಲಿಗೆಗೆ ಮೊದಲು ಹಚ್ಚಿದ್ದು ಅದನ್ನೇ. ಸೀಸೆಯ ಮುಚ್ಚಳಕ್ಕೆ ಕೈ ಹೋಯಿತು. ನಿಂತೆ. ಅಲ್ಲಿದ್ದ ನರ್ಸನ್ನು ಕೇಳಿದೆ. "ಬೇಡಮ್ಮ, ಆರು ತಿಂಗಳು ತಾಯಿ ಹಾಲು ಬಿಟ್ಟು ಇನ್ನೇನೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಕೊಡಲೇಬಾರದು, ಎಳೆ ಕೂಸಿಗೆ ಅದರಿಂದ ವಿಷವಾಗಬಹುದು" ಎಂದಳು.

ಸೀಸೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿದೆ. ಬಾಗಿಲ ಹತ್ತಿರ ತಾತನ ಕೈ ಹಿಡಿದು ನಿಂತಿದ್ದ ಮೊಮ್ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು.